ಕರಗು ಎಂಬ ಮಾತು



ಈ ಸಂಜೆ ನಾವು ವಿಚಾರಕ್ಕೆ ಎತ್ತಿಕೊಂಡಿರುವುದು ತಮ್ಮ ಅಡುಗೆಮನೆಯಲ್ಲಿ ದಿನವೂ ಕೇಳಿಬರುವ ಒಂದು ಮಾತನ್ನು. ಒಲೆಯ ಮೇಲೆ ಬೆಣ್ಣೆ ಕರಗುತ್ತದೆ. ಸಾರಿನಲ್ಲಿ ಉಪ್ಪು ಕರಗುತ್ತದೆ. ಎರಡಕ್ಕೂ ಕನ್ನಡಿಗರಾದ ನಾವು ಒಂದೇ ಪದವನ್ನು ಬಳಸುತ್ತೇವೆ. ಆದರೆ ಇವೆರಡೂ ಒಂದೇ ಕ್ರಿಯೆಯಲ್ಲ. ಬೆಣ್ಣೆಗೆ ಕಾವೊಂದೇ ಸಾಕು. ಉಪ್ಪಿಗೆ ನೀರು ಬೇಕು. ಬರಿಯ ಕಾವಿನಿಂದಲೇ ಅದನ್ನು ಕರಗಿಸಹೊರಟರೆ ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕಾಗುತ್ತದೆ.

ಮರಾಠಿಯಲ್ಲಿ ಮೊದಲನೆಯದಕ್ಕೆ ‘ವಿತಳಣೆ’ ಎಂದೂ ಎರಡನೆಯದಕ್ಕೆ ‘ವಿರಘಳಣೆ’ ಎಂದೂ ಹೇಳುವರು. ತಮಿಳಿನಲ್ಲಿಯೂ ಬೆಣ್ಣೆಗೆ ‘ಉರುಗು’, ಉಪ್ಪಿಗೆ ‘ಕರೈ’. ಈ ‘ಕರೈ’ ನಮ್ಮ ‘ಕರಗು’ವಿನ ಒಡಹುಟ್ಟು, ತೆಲುಗಿನ ‘ಕರುಗು’ ಸಹ ಅದೇ ಮನೆತನದ್ದು. ಹೀಗಿರಲಾಗಿ, ಮರಾಠಿ ಶಾಲೆಗೆ ಹೋಗುವ ಕನ್ನಡದ ಮಗು ಈ ಎರಡು ಪದಗಳ ನಡುವೆ ತಡವರಿಸಿದರೆ ಅದನ್ನು ದಡ್ಡತನವೆಂದು ಯಾರೂ ಬಗೆಯಬಾರದು. ‘ಕಾಸಿ ಕರಗಿಸುವುದು’, ‘ನೀರಿನಲ್ಲಿ ಕದಡಿ ಕರಗಿಸುವುದು’ ಎಂದು ತಾಯಂದಿರು ಮನೆಯಲ್ಲಿ ಬಿಡಿಸಿ ತೋರಿದರೆ, ಶಾಲೆಯ ಪಾಠವೂ ಮಗುವಿಗೆ ಸುಲಭವಾಗುವುದು.

ನಮ್ಮ ಈ ಪದದ ಹರಹು ದೊಡ್ಡದು. ಅಕ್ಕಸಾಲಿಗನ ಮೂಸೆಯಲ್ಲಿ ಚಿನ್ನ ಕರಗುತ್ತದೆ. ದುಡಿಯದೆ ಕುಳಿತವನ ಗಂಟು ಕರಗುತ್ತದೆ. ಬರಗಾಲದಲ್ಲಿ, ಕವಿದ ಮೋಡ ಹನಿಯೊಡೆಯದೆ ಕರಗಿಹೋಗುವುದನ್ನು ಈ ಸೀಮೆಯ ರೈತರು ಬಲ್ಲರು. ಹಸಿದವರನ್ನು ಕಂಡು ಮನಸ್ಸು ಕರಗುವುದನ್ನೂ ಬಲ್ಲರು. ನಷ್ಟಕ್ಕೂ ದಯೆಗೂ ಒಂದೇ ಮಾತು ಸಲ್ಲುತ್ತದೆ.

ಸಂಸ್ಕೃತದಿಂದ ಬಂದ ‘ವಿಲೀನ’ವೆಂಬುದಕ್ಕೂ ಕರಗಿದ್ದು ಎಂಬುದೇ ಅರ್ಥ. 1948ರಲ್ಲಿ ಜತ್ತ, ಅಕ್ಕಲಕೋಟೆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1960ರಲ್ಲಿ ಈ ನೆಲ ಮಹಾರಾಷ್ಟ್ರ ರಾಜ್ಯಕ್ಕೆ ಸೇರಿತು. ಸಂಸ್ಥಾನಗಳು ಕರಗಿದವು, ಇಲ್ಲಿಯ ಮನೆಮಾತು ಮಾತ್ರ ಇಂದಿಗೂ ಉಳಿದಿದೆ. ಅದು ಉಳಿದದ್ದು ತಮ್ಮ ನಾಲಗೆಯ ಮೇಲೆ.

ಉಪ್ಪುನೀರನ್ನು ಕುದಿಸಿ ಬತ್ತಿಸಿದರೆ ಉಪ್ಪು ಮರಳಿ ದೊರೆಯುತ್ತದೆ. ಆಡದೆ ಬಿಟ್ಟ ಮಾತನ್ನು ಹಾಗೆ ಮರಳಿ ಪಡೆಯುವುದು ಬಹು ಕಷ್ಟ. ಆದುದರಿಂದ ಮಕ್ಕಳು ನೆರೆಯ ಮರಾಠಿಯನ್ನು ಪ್ರೀತಿಯಿಂದ, ಚೆನ್ನಾಗಿ ಕಲಿಯಲಿ. ಮನೆಯಲ್ಲಿ ಕನ್ನಡವನ್ನೇ ಆಡಲಿ. ಅಜ್ಜ ಅಜ್ಜಿಯರ ಬಾಯಿಂದ ಬರುವ ಇಂಥ ಮಾತುಗಳನ್ನು, ದಿನಕ್ಕೊಂದರಂತೆಯಾದರೂ, ಮಕ್ಕಳ ಕೈಯಿಂದ ಒಂದು ವಹಿಯಲ್ಲಿ ಬರೆಯಿಸಿರೆಂದು ತಮ್ಮನ್ನು ವಿನಯದಿಂದ ಬೇಡಿ, ನಮ್ಮ ಈ ನಾಲ್ಕು ಮಾತುಗಳನ್ನು ಮುಗಿಸುತ್ತೇವೆ.