ಮನೆಯ ಜಾಲ, ಊರಿಗೆ ತೆರೆದ ಬಾಗಿಲು

(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ಒಬ್ಬ ರೈತ. ಕಂಪ್ಯೂಟರ್ ಬಗ್ಗೆ ಎರಡು ಮಾತಾಡು ಎಂದು ಅಧ್ಯಕ್ಷರು ಅಪ್ಪಣೆ ಮಾಡಿದಾಗ ಹಿಂಜರಿದೆ. ಆದರೆ ಕೈ ಸುಟ್ಟುಕೊಂಡವನಿಗೆ ಬೆಂಕಿ ಗೊತ್ತಿರುತ್ತದಲ್ಲ ಅಂತ ಒಪ್ಪಿಕೊಂಡೆ.

ಮನೆಗೆ ಬರುವ ಇಂಟರ್ನೆಟ್ ತಂತಿ ಒಂದೇ. ಅದನ್ನು ಫೋನು, ಕಂಪ್ಯೂಟರು, ಟಿ.ವಿ.ಗಳಿಗೆ ಹಂಚುವುದು ರೌಟರ್ ಎಂಬ ಡಬ್ಬಿ. ಬೋರಿನ ನೀರನ್ನು ಗೇಟ್‌ವಾಲ್ವ್ ಹೊಲಕ್ಕೆಲ್ಲ ಹಂಚಿದ ಹಾಗೆ. ರೌಟರ್ ಒಂದೊಂದಕ್ಕೂ ಒಂದು ನಂಬರು ಕೊಡುತ್ತದೆ. ಸಾಮಾನ್ಯವಾಗಿ ಅದು 192.168 ಎಂದು ಶುರುವಾಗುತ್ತದೆ. ಈ ನಂಬರು ಮನೆಯೊಳಗೆ ಮಾತ್ರ ನಡೆಯುತ್ತದೆ. ಎರಡು ಮನೆಯಲ್ಲೂ 'ಪುಟ್ಟ' ಎಂಬ ಮಗು ಇರುವಂತೆ, ಅದೇ ನಂಬರು ನಿಮ್ಮಲ್ಲೂ ಇರಬಹುದು, ನಮ್ಮಲ್ಲೂ ಇರಬಹುದು.

ವೆಬ್‌ಸೈಟ್ ಅಂದರೆ ಸದಾ ಚಾಲೂ ಇರುವ ಒಂದು ಕಂಪ್ಯೂಟರಿನಲ್ಲಿಟ್ಟ ಪುಟಗಳು, ಅಷ್ಟೇ. 1990ರಲ್ಲಿ ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್‌ಸೈಟನ್ನು ತಮ್ಮ ಕಂಪ್ಯೂಟರಿನಲ್ಲೇ ನಡೆಸಿದರು. ಯಾರೂ ಇದನ್ನು ಆರಿಸಬಾರದು ಅಂತ ಅದಕ್ಕೆ ಚೀಟಿ ಅಂಟಿಸಿದ್ದರಂತೆ. ನಮ್ಮೂರಲ್ಲಿ ಚೀಟಿ ಸಾಲದು, ಯು.ಪಿ.ಎಸ್. ಬೇಕು!

ಹೊರಗಿನವರು ಆ ಪುಟ ನೋಡಬೇಕಾದರೆ ರೌಟರಿನಲ್ಲಿ ಬಾಗಿಲು ತೆಗೆಯಬೇಕು. ಬಾಗಿಲಿಗೂ ನಂಬರುಂಟು: 80 ಮತ್ತು 443. ಜೊತೆಗೆ ಹೊರಜಗತ್ತಿಗೆ ಗೊತ್ತಾಗುವ ವಿಳಾಸ ಬೇಕು. ಎಷ್ಟೋ ಕಂಪನಿಗಳು ಒಂದೇ ವಿಳಾಸವನ್ನು ಹಲವು ಗಿರಾಕಿಗಳಿಗೆ ಹಂಚಿರುತ್ತವೆ; ಆಗ ಸ್ವಂತ ವಿಳಾಸ ಕೇಳಿ ಪಡೆಯಬೇಕು. ವಿಳಾಸಕ್ಕೊಂದು ಹೆಸರನ್ನು ವರ್ಷದ ಬಾಡಿಗೆ ಕಟ್ಟಿ ತಗೋಬಹುದು.

ಇನ್ನು ನನ್ನ ತಪ್ಪಿನ ಕಥೆ. ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರ್ ತಂದು, ಮಳೆ ಲೆಕ್ಕ, ಗೊಬ್ಬರದ ದರ ಹಾಕಿದೆ. ಜನ ನೋಡಿದರು, ನನಗೂ ಹೆಮ್ಮೆಯಾಯಿತು. ಆಗಲೇ ಸಂಘದ ಸಾಲ ಬಾಕಿ ಪಟ್ಟಿಯನ್ನು ಟೈಪ್ ಮಾಡಲು ಮನೆಗೆ ತಂದಿದ್ದೆ. ಅದನ್ನೂ ಅದೇ ಫೋಲ್ಡರಿನಲ್ಲಿಟ್ಟೆ. ಅಲ್ಲಿಟ್ಟಿದ್ದೆಲ್ಲ ಹೊರಗೆ ಕಾಣುತ್ತದೆ ಎಂಬ ಅರಿವಿರಲಿಲ್ಲ. ಬಸ್‌ಸ್ಟಾಂಡಿನಲ್ಲಿ ಒಬ್ಬ ಹುಡುಗ ಫೋನ್ ನೋಡಿಕೊಂಡು, "ಇವರ ಬಾಕಿ ಇಷ್ಟೊಂದಾ?" ಅಂದ. ಎದೆ ಧಸಕ್ಕೆಂದಿತು. ಓಡಿಹೋಗಿ ಪ್ಲಗ್ ಕಿತ್ತೆ. ಸಂಜೆ ಆ ಹಿರಿಯರ ಮನೆಗೆ ಹೋಗಿ ತಪ್ಪಾಯಿತು ಅಂದೆ. ಅವರು ಬೈಯಲಿಲ್ಲ. "ಸಾಲ ತೀರಿಸಬಹುದಪ್ಪಾ, ಮಾನ ಹೆಂಗೆ ವಾಪಸ್ ತರೋದು?" ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಸಂಘಕ್ಕೂ ವೆಬ್‌ಸೈಟ್ ಬೇಕು ಎಂಬ ಮಾತು ಬಂದಿದೆ. ನನ್ನ ಒಪ್ಪಿಗೆ ಇದೆ. ಆದರೆ ಅದು ಸಂಘದ ನೋಟೀಸ್ ಬೋರ್ಡ್ ಆಗಿರಲಿ, ಬೀರು ಆಗುವುದು ಬೇಡ. ದರ, ದಾಸ್ತಾನು, ಸಭೆಯ ತಿಳುವಳಿಕೆ ಹಾಕೋಣ. ಸದಸ್ಯರ ಖಾತೆ ಆ ಯಂತ್ರದ ಹತ್ತಿರವೂ ಸುಳಿಯಬಾರದು. ರೌಟರಿನ ಜೊತೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. ಬೇಡದ ಬಾಗಿಲು ಮುಚ್ಚಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ಹೊಸದು ಮಾಡಬೇಕು. ಎಲ್ಲದಕ್ಕೂ ಇನ್ನೊಂದು ಪ್ರತಿ ಬೇರೆ ಕಡೆ ಇರಬೇಕು.

1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅಂದಿನಿಂದ ಇಂದಿನವರೆಗೆ ಸಹಕಾರದ ಮೂಲಧನ ನಂಬಿಕೆಯೇ. ಯಂತ್ರ ಬಂತೆಂದು ಅದನ್ನು ಕಳೆದುಕೊಳ್ಳೋದು ಬೇಡ.

 ಜೈ ಸಹಕಾರ.