ಸೋರುವ ಮಾಳಿಗೆಯ ಕೆಳಗೆ ಒಂದು ಗಿಟಾರು



ರಾಂಜಣಗಾಂವ ಎಂದರೆ ಪುಣೆಯವರಿಗೆ ಎರಡು ನೆನಪಾಗುತ್ತವೆ. ಒಂದು, ಅಷ್ಟವಿನಾಯಕರಲ್ಲಿ ಒಬ್ಬನಾದ ಮಹಾಗಣಪತಿ. ಇನ್ನೊಂದು, ಎಂಐಡಿಸಿ ಕಾರ್ಖಾನೆಗಳು. ನಾನು ಎರಡನೆಯದರ ಕಡೆಯವನು. ನಗರ ರಸ್ತೆಯಲ್ಲಿ ಹೋಗಲು 50 ಕಿ.ಮೀ., ಬರಲು 50 ಕಿ.ಮೀ. ವಾಘೋಲಿಯಲ್ಲಿ ಸಿಕ್ಕಿಹಾಕಿಕೊಂಡರೆ ದೇವರೇ ಗತಿ. ಕಂಪನಿ ಬಸ್ಸಿನಲ್ಲಿ ಮಾಡಲು ಎರಡೇ ಕೆಲಸ: ನಿದ್ದೆ ಮಾಡುವುದು, ಇಲ್ಲವೇ ಹಾಡು ಕೇಳುವುದು.

ಒಂದು ಮುಂಜಾನೆ ಪಕ್ಕದ ಸೀಟಿನ ಸಹೋದ್ಯೋಗಿ ಕಣ್ಣು ಮುಚ್ಚಿಕೊಂಡು ಏನೋ ಗುನುಗುತ್ತಿದ್ದ. ಸೊಲ್ಲಾಪುರ ಜಿಲ್ಲೆಯ ಬಾರ್ಶಿ ಕಡೆಯವನು, ಮನೆಮಾತು ಮರಾಠಿ. ಕಿವಿಗೊಟ್ಟೆ. ಕನ್ನಡ! ಅದೂ ನಮ್ಮ ಶಿಶುನಾಳ ಶರೀಫರ ಮಾಳಿಗೆಯ ಹಾಡು. ಅಕ್ಷರ ಅರ್ಧಂಬರ್ಧ, ರಾಗ ಮಾತ್ರ ಪಕ್ಕಾ. 'ರಘು ದೀಕ್ಷಿತ್' ಎಂದ, ಇಯರ್‌ಫೋನಿನ ಒಂದು ತುದಿ ನನ್ನ ಕೈಗಿಟ್ಟ. ಆಮೇಲೆ ಕೇಳಿದ, 'ಇದರ ಅರ್ಥ ಏನು?' ನಾನು ಬಾಯಿ ತೆರೆದೆ, ಮುಚ್ಚಿದೆ. ಚಿಕ್ಕಂದಿನಿಂದ ಹಾಡಿಕೊಂಡು ಬಂದ ಹಾಡು. ಆದರೆ ಅರ್ಥವನ್ನು ನನಗೆ ಯಾರೂ ಕೇಳಿರಲಿಲ್ಲ.

ಹಾಗಾಗಿ ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದು 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಬ್ಯಾಂಡಿನ ಬಗ್ಗೆ.

ರಘು ದೀಕ್ಷಿತ್ ಹುಟ್ಟಿದ್ದು 1974ರಲ್ಲಿ, ನಮ್ಮ ಪಕ್ಕದ ನಾಶಿಕದಲ್ಲೇ. ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಅದರಲ್ಲಿ ಚಿನ್ನದ ಪದಕ. ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಕಾಲೇಜಿನಲ್ಲಿ ಗೆಳೆಯನೊಬ್ಬ ಹಾಕಿದ ಸವಾಲಿಗೆ, ಎಂದು ಅವರೇ ಹೇಳಿಕೊಂಡಿದ್ದಾರೆ. ಕೆಲಸದ ಮೇಲೆ ಬೆಲ್ಜಿಯಂಗೆ ಹೋಗಿದ್ದಾಗ ಅಲ್ಲಿನ ಒಂದು ರೇಡಿಯೊದಲ್ಲಿ ಹಾಡುವ ಅವಕಾಶ ಸಿಕ್ಕಿತಂತೆ. ಸಂಗೀತವೇ ಬದುಕಾಗಬಹುದು ಎಂಬ ಧೈರ್ಯ ಬಂದದ್ದು ಆಗ. ರೇಡಿಯೊದವರಾದ ನಾವು ಈ ಒಂದು ಸಂಗತಿಗೆ ಸ್ವಲ್ಪ ಎದೆಯುಬ್ಬಿಸಿದರೆ ತಪ್ಪಿಲ್ಲ.

ಮೊದಲ ಬ್ಯಾಂಡಿನ ಹೆಸರು ಅಂತರಾಗ್ನಿ. ಜೊತೆಗೆ ಪಿಟೀಲಿನ ಎಚ್.ಎನ್. ಭಾಸ್ಕರ್. ಆ ತಂಡ ಚದುರಿತು. ಆಮೇಲೆ ಕಟ್ಟಿದ ಹೊಸದಕ್ಕೆ 'ಬ್ಯಾಂಡ್' ಎನ್ನದೆ 'ಪ್ರಾಜೆಕ್ಟ್' ಎಂದು ಹೆಸರಿಟ್ಟರು. ಜಾಣತನದ ಹೆಸರು. ಬರುವವರು ಬರಲಿ, ಹೋಗುವವರು ಹೋಗಲಿ, ಮನೆ ಮಾತ್ರ ನಿಂತಿರಲಿ ಎಂಬಂತೆ. ರೆಕಾರ್ಡ್ ಕಂಪನಿಗಳ ಬಾಗಿಲು ಮಾತ್ರ ವರ್ಷಗಟ್ಟಲೆ ತೆರೆಯಲಿಲ್ಲ. ಕೊನೆಗೆ ಮುಂಬೈಯಲ್ಲಿ ಇವರ ಹಾಡು ಸಿನಿಮಾ ಸಂಗೀತದ ಜೋಡಿ ವಿಶಾಲ್–ಶೇಖರ್ ಕಿವಿಗೆ ಬಿತ್ತು. ತಮ್ಮ ಹೊಸ ಲೇಬಲ್ಲಿನಿಂದ 2008ರಲ್ಲಿ ಅವರೇ ಮೊದಲ ಆಲ್ಬಂ ತಂದರು. ಹಳೆಯ ಬ್ಯಾಂಡಿನ ಹೆಸರನ್ನೇ ಅದಕ್ಕಿಟ್ಟದ್ದು ನನಗೆ ತುಂಬಾ ಹಿಡಿಸಿತು. ಎಂಟು ಹಾಡುಗಳು. ಹಿಂದಿ ಇದೆ, ಇಂಗ್ಲಿಷ್ ಇದೆ, ನಡುವೆ ಶರೀಫರ ಎರಡು ಪದಗಳಿವೆ: ಗುಡುಗುಡಿಯದೊಂದು, ಮಾಳಿಗೆಯದೊಂದು.

ಆಮೇಲಿನದು ಬಹುಮಟ್ಟಿಗೆ ನಿಮಗೆ ಗೊತ್ತಿರುವುದೇ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿ. 2013ರಲ್ಲಿ ಎರಡನೆಯ ಆಲ್ಬಂ 'ಜಗ್ ಚಂಗಾ'. ನಡುನಡುವೆ 'ಸೈಕೋ', 'ಜಸ್ಟ್ ಮಾತ್ ಮಾತಲ್ಲಿ', 2020ರಲ್ಲಿ 'ಲವ್ ಮಾಕ್ಟೇಲ್' ಎಂದು ಸಿನಿಮಾ ಸಂಗೀತ. ನಮ್ಮ ಪುಣೆಯಲ್ಲಿ 2010ರಲ್ಲಿ ಹುಟ್ಟಿದ ಎನ್‌ಎಚ್7 ವೀಕೆಂಡರ್ ಉತ್ಸವದ ವೇದಿಕೆಯಲ್ಲೂ ಇವರು ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಕುಣಿದಿದ್ದಾರೆ. 2018ರಲ್ಲಿ ಮೀಟೂ ಮಾತು ಎದ್ದಾಗ ರಘು ಅವರ ಹೆಸರೂ ಬಂತು, ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಾಡು ಇಷ್ಟವೆಂಬ ಕಾರಣಕ್ಕೆ ಇದನ್ನು ಹೇಳದೆ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ನನ್ನ ಪ್ರಶ್ನೆ. ಆಗ ಇಂಥ ಬ್ಯಾಂಡುಗಳು ಬೇಕಾದಷ್ಟಿದ್ದವು. ಇವರು ಇಷ್ಟು ಕಾಲ ನಿಂತದ್ದು ಹೇಗೆ?

ಜಾನಪದಕ್ಕೆ ರಾಕ್ ಬೆರೆಸಿದರು, ಅದಕ್ಕೇ ಗೆದ್ದರು ಎನ್ನುವವರಿದ್ದಾರೆ. ಬೆರೆಸಿ ಶರೀಫರನ್ನು ಕೆಡಿಸಿದರು ಎನ್ನುವ ಹಿರಿಯರೂ ಇದ್ದಾರೆ. ಇಬ್ಬರೂ ಒಂದನ್ನು ಮರೆಯುತ್ತಾರೆ. ಶರೀಫರ ಹಾಡು ಮೊದಲೇ ಬೆರಕೆಯದು. 1819ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಶಿಶುವಿನಾಳದಲ್ಲಿ ಮುಸ್ಲಿಂ ಮನೆಯಲ್ಲಿ ಹುಟ್ಟಿದವರು. ಗುರು ಕಳಸದ ಬ್ರಾಹ್ಮಣ ಗೋವಿಂದ ಭಟ್ಟರು. ಊರ ಮಾತಿನಲ್ಲೇ ಯೋಗವನ್ನೂ ವೇದಾಂತವನ್ನೂ ಹೇಳಿದರು. ಸೇದುವ ಗುಡುಗುಡಿಯ ಮೇಲೆ ಹಾಡು, ಕೋಳಿಯ ಮೇಲೆ ಹಾಡು. ಅವರ ಕಾಲಕ್ಕೆ ಗಿರಣಿ ಬಂದಾಗ ಆ ಯಂತ್ರದ ಮೇಲೂ ಹಾಡು! ರಾಂಜಣಗಾಂವದ ಶೆಡ್ಡುಗಳಲ್ಲಿ ದಿನವಿಡೀ ಯಂತ್ರದ ಸದ್ದು ಕೇಳುವ ನಮಗೆ ಶರೀಫರು ನಿಜಕ್ಕೂ ಹತ್ತಿರದವರು. ಹಳ್ಳಿಯ ಭಜನೆಯಲ್ಲಿದ್ದ ಈ ಪದಗಳನ್ನು ಸಿ. ಅಶ್ವಥ್ ಕ್ಯಾಸೆಟ್ಟಿಗೂ ವೇದಿಕೆಗೂ, 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ತಂದರು. ಗಿಟಾರು ಬಂದದ್ದು ಅದೇ ಸಾಲಿನಲ್ಲಿ, ಆಮೇಲೆ.

ರಘು ದೀಕ್ಷಿತ್ ಮಾಡಿದ ಒಳ್ಳೆಯ ಕೆಲಸ ಅಂದರೆ, ರಾಗ ತಾಳ ಏನೇ ಬದಲಾದರೂ ಮಾತನ್ನು ಮುಟ್ಟಲಿಲ್ಲ. ಲಂಡನ್ನಿನಲ್ಲೂ ಗುಡುಗುಡಿ ಗುಡುಗುಡಿಯೇ. ಅರ್ಥವಾಗದವರು ಮೊದಲು ಕುಣಿದರು, ಆಮೇಲೆ ಕೇಳಿದರು, ಬಾರ್ಶಿಯ ನನ್ನ ಗೆಳೆಯನ ಹಾಗೆ.

ಅವನಿಗೆ ಉತ್ತರ ಕೊಡಲು ನನಗೆ ಎರಡು ದಿನ ಹಿಡಿಯಿತು. ಊರಿಗೆ, ಅಮ್ಮನಿಗೆ ಫೋನ್ ಮಾಡಿದೆ. ಮಾಳಿಗೆ ಎಂದರೆ ಬರೀ ಮನೆಯ ಮೇಲ್ಭಾಗವಲ್ಲ ಕಣೋ, ಎಂದರು. ತೊಲೆ ಜಂತಿಗಳ ಮೇಲೆ ಮಣ್ಣು ಹಾಕಿ ಗಟ್ಟಿ ಮಾಡಿದ ಚಪ್ಪಟೆ ಮೇಲ್ಛಾವಣಿ ಅದು. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಹೊಸ ಮಣ್ಣು ಹರವಬೇಕು, ಬಿರುಕು ಮೆತ್ತಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಹಾಸಿಗೆಯ ಮೇಲೆ ನೀರು. ಶರೀಫರ ಮನೆ ಅಂದರೆ ಈ ಮೈ, ಈ ಮನಸ್ಸು; ಏಣಿ ಹತ್ತಬೇಕಾದವರು ನಾವೇ.

ಬಸ್ಸಿನಲ್ಲಿ ಇಷ್ಟನ್ನು ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವನು ಅರ್ಧದಲ್ಲೇ ತಡೆದ. 'ಅರೇ, ಇದು ನಮ್ಮ ಮಾಳವದ!' ಬಾರ್ಶಿಯ ಅವನ ಅಜ್ಜನ ಮನೆಗೂ ಅಂಥದೇ ಛಾವಣಿಯಂತೆ. ಮಳೆಗಾಲದ ರಾತ್ರಿ ಎಲ್ಲೆಲ್ಲಿ ಪಾತ್ರೆ ಇಡುತ್ತಿದ್ದರು ಎಂದು ಶಿಕ್ರಾಪುರ ಬರುವವರೆಗೂ ಹೇಳಿದ. ಅವನಿಗೆ ಮಾಳಿಗೆ ಗೊತ್ತಿತ್ತು, ಶಬ್ದ ಗೊತ್ತಿರಲಿಲ್ಲ. ನನಗೆ ಶಬ್ದ ಗೊತ್ತಿತ್ತು, ಮಾಳಿಗೆಯನ್ನು ನಾನು ಮರೆತೇಬಿಟ್ಟಿದ್ದೆ.

ಪುಣೆಯಲ್ಲೇ ಹುಟ್ಟಿದ ನನ್ನ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಆದರೆ ಈ ಆಲ್ಬಮ್ಮಿನ ಎರಡೂ ಕನ್ನಡ ಹಾಡು ಅವಳಿಗೆ ಬಾಯಿಪಾಠ. ಬರೀ ಸದ್ದಾಗಿ, ಅಷ್ಟೇ. ನಾನೇ ಹಾಗೆ ಕೊಟ್ಟಿದ್ದೆ. ಕಳೆದ ಭಾನುವಾರ ಗುಡುಗುಡಿ ಎಂದರೇನೆಂದು ಕೇಳಿದಳು. ಹುಕ್ಕಾ ಎಂದೆ. 'ಬಾಬಾ, ದೇವರ ಹಾಡಲ್ಲಿ ಹುಕ್ಕಾನಾ?' ಎಂದು ಬಿದ್ದು ಬಿದ್ದು ನಕ್ಕಳು. ಆಮೇಲೆ ಮುಂದಿನ ಸಾಲಿನ ಅರ್ಥ ಕೇಳಿದಳು. ಅದಕ್ಕಾಗಿ ಮತ್ತೆ ಅಮ್ಮನಿಗೆ ಫೋನ್ ಮಾಡಬೇಕಾಯಿತು. ಈ ಸಲ ಫೋನ್ ಅವಳ ಕೈಯಲ್ಲಿತ್ತು, ಮತ್ತು ಅಜ್ಜಿಯೊಡನೆ ಬೇರೆ ಭಾಷೆ ನಡೆಯುವುದಿಲ್ಲ.

ನನ್ನ ಮಾತಿನ ಬೆನ್ನಿಗೇ ಮಾಳಿಗೆಯ ಹಾಡು ಹಾಕಲು ನಮ್ಮ ನಿರೂಪಕರಿಗೆ ಹೇಳಿದ್ದೇನೆ. ಬಾರ್ಶಿಯ ಗೆಳೆಯನೂ ಕೇಳುತ್ತೇನೆ ಎಂದಿದ್ದಾನೆ.