ಯಾರ ಕೆಲಸ ಯಾರಿಗೆ?
(ಸಂಘದ ಕೂಟದಲ್ಲಿ ಮಾಡಿದ ಭಾಷಣ)



ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹುಡುಗರು ಈಗ ನವಿ ಮುಂಬಯಿಯ ಡೇಟಾ ಸೆಂಟರುಗಳ ಬಾಗಿಲು ತಟ್ಟುತ್ತಿದ್ದಾರೆ. ಅಲ್ಲಿನ ಕೆಲಸದ ಸ್ವರೂಪವನ್ನು ಹಿರಿಯರಾದ ನಾವೂ ಅರಿತಿರಬೇಕು.

‘ಖಾಸಗಿ ಕ್ಲೌಡ್’ ಎಂದರೆ ಒಂದು ಸಂಸ್ಥೆ ತನ್ನ ಬಳಕೆಗೆಂದೇ ಕಟ್ಟಿಕೊಂಡ ಸರ್ವರುಗಳ ಕೂಟ. ಒಂದೊಂದು ಸರ್ವರಿನೊಳಗೆ ಹಲವು ಕಲ್ಪಿತ ಕಂಪ್ಯೂಟರುಗಳನ್ನು ಬೇಕೆಂದಾಗ ನಡೆಸಿ, ಬೇಡವಾದಾಗ ನಿಲ್ಲಿಸಬಹುದು. ಇದಕ್ಕೆ ಬಳಸುವ ‘ಓಪನ್‌ಸ್ಟ್ಯಾಕ್’ ತಂತ್ರಾಂಶವನ್ನು ೨೦೧೦ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೂ ರ‍್ಯಾಕ್‌ಸ್ಪೇಸ್ ಕಂಪೆನಿಯೂ ಕೂಡಿ ಆರಂಭಿಸಿದವು.

ಗಲ್ಲದಲ್ಲಿ ಕುಳಿತವರು ದೋಸೆ ಹೊಯ್ಯುವುದಿಲ್ಲ; ಅಡಿಗೆ ಭಟ್ಟರು ಬಿಲ್ಲು ಬರೆಯುವುದಿಲ್ಲ. ಸರ್ವರುಗಳಲ್ಲೂ ಹೀಗೆಯೇ. ‘ಕಂಟ್ರೋಲರ್’ ಗಲ್ಲವಿದ್ದಂತೆ: ಬಂದವರು ಯಾರು, ಅವರ ಅಧಿಕಾರವೇನು, ಎಲ್ಲಿ ಜಾಗವಿದೆ ಎಂದು ನೋಡಿ ಅಪ್ಪಣೆ ಕೊಡುತ್ತದೆ. ‘ಕಂಪ್ಯೂಟ್’ ಅಡಿಗೆಮನೆ, ನಿಜವಾದ ದುಡಿಮೆ ಅಲ್ಲಿ. ‘ನೆಟ್‌ವರ್ಕ್’ ಸಪ್ಲೈಯರನಂತೆ ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಮುಟ್ಟಿಸುತ್ತದೆ. ‘ಸ್ಟೋರೇಜ್’ ಉಗ್ರಾಣ.

ಕಂಪ್ಯೂಟ್ ಸರ್ವರು ಒಂದು ಕೆಟ್ಟರೆ ಅದರ ಮೇಲಿನ ಕೆಲಸ ಮಾತ್ರ ನಿಲ್ಲುತ್ತದೆ. ಮಾಹಿತಿ ಉಗ್ರಾಣದಲ್ಲಿದ್ದರೆ ಬೇರೆ ಸರ್ವರಿನಲ್ಲಿ ಮತ್ತೆ ಆರಂಭಿಸಬಹುದು. ಇರುವ ಒಂದೇ ಕಂಟ್ರೋಲರ್ ಕೆಟ್ಟರೆ? ನಡೆಯುತ್ತಿರುವುದು ನಡೆದೀತು; ಆದರೆ ಹೊಸ ಅಪ್ಪಣೆ ಒಂದೂ ಹೊರಡದು.

ಆದ್ದರಿಂದ ಕಂಟ್ರೋಲರುಗಳು ಮೂರು ಇರಬೇಕೆನ್ನುತ್ತಾರೆ. ಎರಡು ಸಾಲವೇ? ಸಾಲವು. ನಡುವಿನ ಸಂಪರ್ಕ ಕಡಿದರೆ, ಇನ್ನೊಂದು ಸತ್ತಿತೆಂದು ಎರಡೂ ಬಗೆದು ಬೇರೆ ಬೇರೆ ಲೆಕ್ಕ ಬರೆಯಬಹುದು. ಮೂರಿದ್ದರೆ ಎರಡರ ಮಾತೇ ಬಹುಮತ. ನಾಲ್ಕಿದ್ದರೆ ಬಹುಮತಕ್ಕೆ ಮೂರು ಬೇಕು; ಆಗಲೂ ಒಂದು ಕೆಡುವುದನ್ನಷ್ಟೇ ತಾಳಬಹುದು. ಹೆಚ್ಚಿನ ಖರ್ಚಿಗೆ ಹೆಚ್ಚಿನ ಭದ್ರತೆಯಿಲ್ಲ.

ಕಲಿಯುವುದಕ್ಕೆ ಎಲ್ಲವನ್ನೂ ಒಂದೇ ಸರ್ವರಿನಲ್ಲಿ ಹಾಕಬಹುದು. ಆದರೆ ಉಳಿತಾಯದ ಆಸೆಗೆ ದೊಡ್ಡ ಕೆಲಸವನ್ನೂ ಹಾಗೆಯೇ ನಡೆಸಿದರೆ, ಅದೊಂದು ಕೆಟ್ಟ ರಾತ್ರಿ ಎಲ್ಲವೂ ನಿಲ್ಲುತ್ತದೆ. ಬೈಗುಳ ಬೀಳುವುದು ಪಾಳಿಯಲ್ಲಿದ್ದ ಹುಡುಗನಿಗೆ! ತಪ್ಪು ಅವನದಲ್ಲ, ಕೆಲಸ ಹಂಚಿದವರದು.

ನಮ್ಮ ಹುಡುಗರಿಗೆ ನನ್ನದೊಂದು ಮಾತು. ಕೆಲಸಕ್ಕೆ ಸೇರಿದ ಮೊದಲ ವಾರವೇ ಕೇಳಿರಿ: ಯಾವ ಸರ್ವರಿಗೆ ಯಾವ ಕೆಲಸ? ಕಂಟ್ರೋಲರು ಎಷ್ಟು? ಒಂದು ಕೆಟ್ಟರೆ ಏನು ನಿಲ್ಲುತ್ತದೆ? ಉತ್ತರವನ್ನು ಬರೆದಿಟ್ಟುಕೊಳ್ಳಿರಿ, ಲೋಪ ಕಂಡರೆ ಮೇಲಿನವರಿಗೆ ಬರಹದಲ್ಲಿಯೇ ತಿಳಿಸಿರಿ. ಬಾಯಿಮಾತು ಬೆಳಿಗ್ಗೆ ಯಾರಿಗೂ ನೆನಪಿರುವುದಿಲ್ಲ.